ಕೆಮ್ಮಿಲ್ಲ ಎಂದ ಬೀದಿ

ಯಾವುದರಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದೇ ನನಗೊಂದು ಫಜೀತಿಯಾಗಿತ್ತು. ‘ವ್ಯವಸ್ಥಿತ ಸಾಹಿತ್ಯ ಸಮೀಕ್ಷೆ’ ಎಂದರೆ ಸಾಕು, ಎದುರಿಗಿದ್ದವರು ನನ್ನನ್ನು ಕತೆ ಕವನ ಬರೆಯುವವಳು ಎಂದುಕೊಳ್ಳುತ್ತಿದ್ದರು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ನಮ್ಮ ಹಳೆಯ ಮೇಷ್ಟ್ರಂತೂ, “ಎಲ್ಲಿ, ನಿಂದೇ ಒಂದು ಪದ್ಯ ಯೋಳು, ಕೇಳಾಣ” ಎಂದು ಬಸ್ಸು ಹೊರಡುವವರೆಗೂ ಬಿಡಲಿಲ್ಲ.

ನನ್ನ ಕೆಲಸದಲ್ಲಿ ಪದ್ಯವೂ ಇರಲಿಲ್ಲ, ಗದ್ಯವೂ ಇರಲಿಲ್ಲ. ರೇಷ್ಮೆ ಹುಳು ಸಾಕುವ, ನೂಲು ಬಿಚ್ಚುವ ಹೆಂಗಸರ ಆರೋಗ್ಯದ ಬಗ್ಗೆ ಬೇರೆಯವರು ಊರೂರಿಗೆ ಹೋಗಿ, ಕೇಳಿ, ಅಳೆದು ಬರೆದ ಅಧ್ಯಯನಗಳನ್ನೆಲ್ಲ ಹುಡುಕಬೇಕು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಮೊದಲೇ ನಿಯಮ ಬರೆದಿಡಬೇಕು. ಉಳಿದದ್ದನ್ನೆಲ್ಲ ಒಂದು ನಕ್ಷೆಯ ಮೇಲೆ ಹರಡಬೇಕು: ಅಡ್ಡಸಾಲಿನಲ್ಲಿ ಏನನ್ನು ಕೇಳಿದರು, ಉದ್ದಸಾಲಿನಲ್ಲಿ ಹೇಗೆ ಕೇಳಿದರು. ಎರಡೂ ಸೇರುವ ಮನೆಯಲ್ಲಿ ಅಧ್ಯಯನಕ್ಕೊಂದು ಚುಕ್ಕೆ. ಎಲ್ಲಿ ಚುಕ್ಕೆ ದಟ್ಟವಾಗಿದೆ, ಎಲ್ಲಿ ಖಾಲಿ ಬಿದ್ದಿದೆ ಎಂದು ಕಾಣಿಸಬೇಕು. ಅಷ್ಟೇ. ಹೇಳುವುದಕ್ಕೆ ನಾಲ್ಕು ಸಾಲು. ಮಾಡುವುದಕ್ಕೆ ಕೂತರೆ ಸಾವಿರಗಟ್ಟಲೆ ಶೀರ್ಷಿಕೆಗಳು.

ನನಗೆ ಹುಟ್ಟಿನಿಂದಲೂ ಒಂದು ಕಡೆ ಕೂರುವ ಗುಣವಿಲ್ಲ. ನಾನು ಪಾಠ ಮಾಡುತ್ತಿದ್ದ ಕೊಳ್ಳೇಗಾಲದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹತ್ತು ಶೀರ್ಷಿಕೆ ಓದಿದೆನೋ, ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದೆ. ಅದರಲ್ಲೂ ‘ಬಿಡಬಹುದು’ ಎಂದು ಗುರುತು ಹಾಕಿದ ಮೇಲೆ ಎದೆಯೊಳಗೆ ಏನೋ ಕೆರೆದಂತಾಗುತ್ತಿತ್ತು. ಹಿಂದಕ್ಕೆ ಹೋಗಿ ಮತ್ತೆ ನೋಡುವುದು, ಗುರುತು ಅಳಿಸುವುದು, ಮತ್ತೆ ಹಾಕುವುದು. ಒಂದು ಹೆಜ್ಜೆ ಮುಂದೆ, ಎರಡು ಹಿಂದೆ.

ಇಂಥ ಕೆಲಸವನ್ನು ಒಬ್ಬರೇ ಮಾಡುವಂತಿಲ್ಲ. ಇಬ್ಬರು ಬೇರೆ ಬೇರೆಯಾಗಿ ಅದೇ ಪಟ್ಟಿಯನ್ನು ಓದಿ ತೀರ್ಮಾನಿಸಬೇಕು, ಆಮೇಲೆ ತಾಳೆ ನೋಡಬೇಕು. ನನ್ನ ಜೊತೆ ಎರಡನೆಯ ಓದುಗರಾಗಲು ಒಪ್ಪಿದವರು ನಮ್ಮ ಕಾಲೇಜಿನಲ್ಲೇ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಒಬ್ಬ ಸಹೋದ್ಯೋಗಿ. ಸತ್ತೇಗಾಲದವರು, ನನಗಿಂತ ಹತ್ತು ವರ್ಷ ದೊಡ್ಡವರು. ಮಾತು ಕಡಿಮೆ. ಷರತ್ತು ಒಂದೇ ಹಾಕಿದರು.

“ನನ್ನ ತೀರ್ಮಾನ ನೀವು ನೋಡಬಾರದು, ನಿಮ್ಮದು ನಾನು ನೋಡಬಾರದು. ಎರಡೂ ಮುಗಿದ ಮೇಲೆ ಒಟ್ಟಿಗೆ ಇಟ್ಕೊಂಡು ಜಗಳ ಆಡಾಣ ಮೇಡಂ.”

ಕೆಲಸ ಅರ್ಧ ಮುಗಿಯುವಷ್ಟರಲ್ಲಿ ಅವರಿಗೆ ಹನೂರಿನ ಕಾಲೇಜಿಗೆ ವರ್ಗವಾಯಿತು. ಫೋನಿನಲ್ಲಿ ಜಗಳ ಬಗೆಹರಿಯುವುದಿಲ್ಲ ಎಂದು ಎರಡು ಸಲ ಪ್ರಯತ್ನಿಸಿದ ಮೇಲೆ ತಿಳಿಯಿತು, ಎರಡು ಸಲವೂ ನಾನೇ ಫೋನ್ ಇಟ್ಟಿದ್ದೆ. ಹಾಗಾಗಿ ಶನಿವಾರ ಮಧ್ಯಾಹ್ನ ಕ್ಲಾಸು ಮುಗಿಸಿ ಹನೂರಿನ ಬಸ್ಸು ಹತ್ತುವುದು ರೂಢಿಯಾಯಿತು. ಅಲ್ಲಿ ಅವರ ಕಾಲೇಜಿನ ಲೈಬ್ರರಿಯ ಉದ್ದನೆಯ ಮೇಜು. ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ತಮಿಳುನಾಡಿನ ಗಡಿಯ ಕಡೆಯ ಊರಾದ್ದರಿಂದ ಕಿಟಕಿಯಾಚೆ ಕನ್ನಡದಲ್ಲಿ ಶುರುವಾದ ಮಾತು ತಮಿಳಿನಲ್ಲಿ ಮುಗಿಯುತ್ತಿತ್ತು.

ಜಗಳದ ಸ್ವರೂಪ ಹೇಗಿರುತ್ತಿತ್ತು ಎಂದರೆ, ಒಂದು ಅಧ್ಯಯನದಲ್ಲಿ ನೂಲು ಬಿಚ್ಚುವ ಹೆಂಗಸರ ಕೈ ಬೊಬ್ಬೆಗಳ ಬಗ್ಗೆ ಬರೆದಿದ್ದರು. ಆದರೆ ಕೇಳಿದ್ದು ಹೆಂಗಸರನ್ನಲ್ಲ, ಘಟಕದ ಮಾಲೀಕರನ್ನು. ನಾನು ಸಿಟ್ಟಿನಲ್ಲಿ ಬಿಟ್ಟಿದ್ದೆ. ಅವರು ಸೇರಿಸಿದ್ದರು.

“ಬಿಸಿನೀರಿಗೆ ಕೈ ಹಾಕೋರು ಒಬ್ಬರು, ಉತ್ತರ ಹೇಳೋರು ಇನ್ನೊಬ್ಬರಾ ಸರ್?”

“ಯಾರನ್ನ ಕೇಳಿರಬೇಕು ಅಂತ ನಮ್ಮ ನಿಯಮದಲ್ಲಿ ಎಲ್ಲಿದೆ ತೋರಿಸಿ.”

ಇರಲಿಲ್ಲ. ಸೇರಿಸಿದೆವು. ಬಸ್ಸಿನಲ್ಲಿ ವಾಪಸ್ ಬರುವಾಗ ಕಾಮಗೆರೆ ದಾಟುವ ತನಕ ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಹೀಗಿರುವಾಗ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಿಂದ ತರಿಸಿದ ಹಳೆಯ ಪ್ರಬಂಧಗಳ ಕಟ್ಟಿನಲ್ಲಿ ಒಂದು ಕೈಗೆ ಬಂತು. ಟೈಪ್ ಮಾಡಿದ ಹಾಳೆಗಳ ನಕಲು, ಅಂಚು ಕಪ್ಪಾಗಿತ್ತು. ಯಳಂದೂರು ತಾಲ್ಲೂಕಿನ ಒಂದು ಊರಿನಲ್ಲಿ ಮಾಡಿದ ಅಧ್ಯಯನ. ಊರಿನ ಹೆಸರು ಹೇಳಿರಲಿಲ್ಲ. ಮಾಂಬಳ್ಳಿಗೆ ಎರಡು ಮೈಲಿ, ನಾಲೆಯ ಏರಿಯ ಪಕ್ಕ, ಊರ ಮುಂದೆ ಮುರಿದ ಕಲ್ಲುಮಂಟಪ, ಒಂದೇ ಬೀದಿಯ ಎಲ್ಲ ಮನೆಗಳಲ್ಲೂ ನಡುಮನೆಯಲ್ಲೇ ಹುಳು ಸಾಕಣೆ ಎಂದೆಲ್ಲ ಬರೆದಿತ್ತು. ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾಯಿತು. ಅದು ನಮ್ಮೂರು. ಆ ಬೀದಿ ನಮ್ಮದು.

ಮುಂದಿನ ಪುಟದಲ್ಲಿ, ಮನೆಯ ಹೆಂಗಸು ಉತ್ತರಿಸಲು ಹಿಂಜರಿದ ಕಡೆ ಶಾಲೆಗೆ ಹೋಗುವ ಮಕ್ಕಳ ನೆರವು ಪಡೆಯಲಾಯಿತು ಎಂಬ ಮಾತಿತ್ತು. ಆ ಮಕ್ಕಳಲ್ಲಿ ನಾನೂ ಒಬ್ಬಳು.

ಅಂದು ನಾನು ಏಳನೇ ಕ್ಲಾಸು. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು, ಎಂದರೆ ಚರ್ಮ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಸುಮ್ಮನಿರುವ ಹೊತ್ತು. ತಟ್ಟೆಗಳ ಮೇಲೆ ಸುಣ್ಣದ ಪುಡಿ ಎರಚಿ ಅವ್ವ ಜಗುಲಿಗೆ ಬಂದು ಕೆಮ್ಮುತ್ತ ಕೂತಿದ್ದಳು. ಬೀದಿಗೆ ಜೀಪು ಬಂತು. ತುಂಬುತೋಳಿನ ಅಂಗಿಯ ಒಬ್ಬರು, ಜೊತೆಗೆ ಪೆಟ್ಟಿಗೆ ಹಿಡಿದ ಇನ್ನೊಬ್ಬರು. ಮನೆಮನೆಗೂ ಹೋಗಿ ಫಾರಂ ತುಂಬಿಸಿಕೊಳ್ಳುತ್ತಿದ್ದರು. ಅವರು ನಮ್ಮ ಜಗುಲಿ ಹತ್ತುವ ಮುಂಚೆ ಅಜ್ಜಿ ನನ್ನನ್ನು ಒಳಗೆ ಕರೆದು ರಟ್ಟೆ ಹಿಂಡಿದಳು.

“ದಮ್ಮು, ಕೆಮ್ಮು ಅಂತ ಒಂದ್ ಮಾತೂ ಆಡ್ಬ್ಯಾಡ. ಬರೋ ವಾರ ಅಕ್ಕನ್ನ ನೋಡಕ ಬತ್ತಾವ್ರ. ಮನೇಲಿ ಕೆಮ್ಮದ ಅಂತ ಗೊತ್ತಾದ್ರ ಯಾರ್ ತಕಂಡೋಯ್ತಾರ ಹೆಣ್ಣ?”

ಕೆಮ್ಮು ಎಂದರೆ ಕ್ಷಯ ಎಂದೇ ಜನ ತಿಳಿಯುತ್ತಿದ್ದ ಕಾಲ. ಅವ್ವ ಪರಗಂಡಸರ ಮುಂದೆ ಬಾಯಿ ಬಿಡಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಅವರು ನನ್ನ ಕಡೆ ತಿರುಗಿದರು. ಬೆಳಗ್ಗೆ ಎದ್ದಾಗ ಅಮ್ಮನಿಗೆ ಕೆಮ್ಮು ಬರುತ್ತಾ? ಇಲ್ಲ ಸಾ. ಹುಳುವಿಗೆ ರೋಗ ಬರದ ಹಾಗೆ ಮನೆಗೆ ಔಷಧಿ ಹೊಡೆದಾಗ ಉಸಿರು ಕಟ್ಟುತ್ತಾ? ಇಲ್ಲ ಸಾ. ಎದೆಯಲ್ಲಿ ಗೊರಗೊರ ಅನ್ನುತ್ತಾ? ಇಲ್ಲ ಸಾ. ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಜಾಣೆ ಎಂದು ಅವರು ನನ್ನ ತಲೆ ಸವರಿದರು. ಆಮೇಲೆ ಪೆಟ್ಟಿಗೆಯಿಂದ ಉಸಿರಿನ ಬಲ ಅಳೆಯುವ ಬಿಳಿಯ ಕೊಳವೆಯೊಂದನ್ನು ತೆಗೆದು ಅವ್ವನ ಕೈಗೆ ಕೊಟ್ಟು ಜೋರಾಗಿ ಊದಲು ಹೇಳಿದರು. ಅದರ ಮೈಮೇಲೆ ಕೆಂಪು ಮುಳ್ಳೊಂದು ಓಡುತ್ತಿತ್ತು. ನಾನು ಮುಳ್ಳು ನೋಡುವುದರಲ್ಲೇ ಮುಳುಗಿದ್ದೆ.

ಪ್ರಬಂಧದ ಪ್ರಕಾರ ನಮ್ಮ ಬೀದಿಯಲ್ಲಿ ಕೆಮ್ಮು ಇರಲಿಲ್ಲ. ಕೊಳವೆ ಊದಿದ ಲೆಕ್ಕ ಮಾತ್ರ ತೀರ ಕಡಿಮೆ ಬಂದಿತ್ತು. ಎರಡಕ್ಕೂ ಹೊಂದಿಕೆಯಾಗದ್ದನ್ನು ಬರೆದವರೂ ಗಮನಿಸಿದ್ದರು. ಅದಕ್ಕೆ ಅವರು ಕೊಟ್ಟ ಕಾರಣ, ಇಲ್ಲಿಯ ಹೆಂಗಸರು ತಮ್ಮ ಕಷ್ಟಕ್ಕೆ ಒಗ್ಗಿಹೋಗಿದ್ದಾರೆ, ಅದು ಕಷ್ಟ ಎಂದೇ ಅವರಿಗೆ ತಿಳಿಯುವುದಿಲ್ಲ ಎಂಬುದು. ಆ ಪುಟ ಓದಿ ನಾನು ಮನೆಯ ಟೆರೇಸು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಅವ್ವನಿಗೆ ತಿಳಿಯದೆ ಇದ್ದದ್ದು ಯಾವುದು? ಎಲ್ಲ ತಿಳಿದೇ ಬಾಯಿ ಮುಚ್ಚಿದ್ದಳು. ಸುಳ್ಳು ಹೇಳಿದವಳು ನಾನು.

ಶನಿವಾರದವರೆಗೆ ಕಾಯಲಾಗದೆ ಬುಧವಾರವೇ ರಜೆ ಹಾಕಿ ಹನೂರಿಗೆ ಹೋದೆ. ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಪ್ರಬಂಧವನ್ನು ಮುಂದಿಟ್ಟು, “ಇದನ್ನ ತೆಗೆದುಹಾಕಬೇಕು ಸರ್” ಅಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಡಬ್ಬಿಯ ಮುಚ್ಚಳ ಮತ್ತೆ ಹಾಕಿಟ್ಟರು.

“ಯಾವ ನಿಯಮದ ಪ್ರಕಾರ ತೆಗೀತೀರಿ?”

“ಸುಳ್ಳು ಅಂತ ನನಗೆ ಗೊತ್ತು.”

“ನಿಮಗೆ ಗೊತ್ತು ಅನ್ನೋದು ನಿಯಮ ಅಲ್ಲ ಮೇಡಂ.”

“ಹಾಗಾದ್ರೆ ಕೆಮ್ಮಿನ ಉತ್ತರ ಬಿಟ್ಟು ಕೊಳವೆ ಲೆಕ್ಕ ಮಾತ್ರ ಇಟ್ಕೊಳ್ಳೋಣ. ಯಂತ್ರ ಸುಳ್ಳು ಹೇಳಲ್ಲವಲ್ಲ.”

ಅವರು ತಲೆ ಅಲ್ಲಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. “ಮೊದಲು ನಿಮ್ಮ ತಾಯೀನ ಕೇಳಿ. ನೀವು ಆಗ ಮಗು. ಮಗು ನೆನಪಿಟ್ಟಿರೋದು ಎಷ್ಟು, ಆಮೇಲೆ ಸೇರಿಸಿಕೊಂಡಿದ್ದು ಎಷ್ಟು?” ಎಂದು ಡಬ್ಬಿ ತೆಗೆದು ನನ್ನ ಕಡೆಗೂ ಒಂದು ಚಪಾತಿ ತಳ್ಳಿದರು. ತಿನ್ನಲಿಲ್ಲ.

ಅವ್ವ ಈಗ ಅಣ್ಣ ಅತ್ತಿಗೆಯರ ಜೊತೆ ಊರಲ್ಲೇ ಇದ್ದಾಳೆ. ಹುಳುಮನೆ ಈಗ ಬೇರೆಯಾಗಿದೆ, ತೋಟದ ಹತ್ತಿರ. ಅವಳು ಆ ಕಡೆ ಹೋಗದೆ ವರ್ಷಗಳಾದವು. ನಾನು ಹೋದಾಗ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಜೀಪು ಬಂದ ದಿನ ನೆನಪಿದೆಯಾ ಎಂದು ಕೇಳಿದೆ.

“ಯಾಕಿಲ್ಲ? ನಿಮ್ಮಜ್ಜಿ ನಿನ್ನ ರಟ್ಟೆ ಇಂಡಿದ್ದು, ನೀನು ಗಿಣಿ ಅಂಗ ಇಲ್ಲಸಾ ಇಲ್ಲಸಾ ಅಂದದ್ದು.”

“ನಾನು ಸುಳ್ಳು ಹೇಳಿದ್ದು ತಪ್ಪಲ್ವಾ ಅವ್ವ?”

“ನೀನೊಬ್ಳೆಯಾ? ಇಡೀ ಬೀದಿನೆ ಅಂಗಂದಿದ್ದು. ಮೇಗಲ ಮನೇಲಿ ಮದ್ವೆಗ್ ಬಂದ ಎಣ್ಮಕ್ಳು ಎರಡಿದ್ದೊ, ಎದುರು ಮನೇಲಿ ಒಂದು. ಬಾವಿತವು ಮಾತಾಡ್ಕಂಡಿದ್ವಿ. ಆವಯ್ಯನ್ಗೂ ಗೊತ್ತಿತ್ತು ಬುಡು. ನಾನು ಕೆಮ್ಮದ ಕೇಳ್ಕಂಡೇ ಇಲ್ಲ ಅಂತ ಬರ್ಕಂಡ.”

ನನಗೆ ಅಳುವೋ ನಗುವೋ ತಿಳಿಯಲಿಲ್ಲ. “ಹೋಗಲಿ, ಕೊಳವೆ ಊದಿದ್ದಾದ್ರೂ ನಿಜ ತಾನೆ? ಅದರಲ್ಲಿ ಕಡಿಮೆ ಬಂದಿದೆ ನೋಡು. ಅದು ಸರಿಯಾಗಿದೆ” ಅಂದೆ.

ಅವ್ವ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಎಲ್ಲಿ ಊದ್ದೆ ಮಗ? ಬೀದಿ ಗಂಡಸ್ರೆಲ್ಲ ಬಂದು ನೋಡ್ತಾ ನಿಂತವ್ರೆ, ಕೆನ್ನೆ ಉಬ್ಬಿಸ್ಕಂಡು ಊದಕಾದದಾ? ಸೆರಗ್ನಲ್ಲಿ ಮರೆ ಮಾಡ್ಕಂಡು ಉಸ್ ಅಂದೆ ಅಷ್ಟೆ. ಎಲ್ರೂ ಅಂಗೇ ಮಾಡಿದ್ದು. ಎದುರು ಮನೆಯವ್ಳು ನಗು ತಡೀನಾರ್ದೆ ಕೊಳವೆ ವಾಪಸ್ ಕೊಟ್ಬುಟ್ಲು.”

ಹಿಡಿದಿದ್ದ ಕೊನೆಯ ಕೊಂಬೆಯೂ ಮುರಿಯಿತು. ಮಾತಿನ ಉತ್ತರವೂ ಸುಳ್ಳು, ಯಂತ್ರದ ಉತ್ತರವೂ ಸುಳ್ಳು. ಅವ್ವ ನಿಜಕ್ಕೂ ಎಷ್ಟು ಊದಬಲ್ಲವಳಾಗಿದ್ದಳು ಎಂಬುದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ ಕಂಬ ಹಿಡಿದು ನಿಂತೇ ಬಂದೆ. ನನ್ನ ಪಟ್ಟಿಯಲ್ಲಿದ್ದ ಉಳಿದ ಅಧ್ಯಯನಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಷ್ಟು ಬೀದಿಗಳು, ಎಷ್ಟು ಬಾವಿಕಟ್ಟೆಗಳು. ಅಲ್ಲೆಲ್ಲ ಏನು ಮಾತಾಡಿಕೊಂಡಿದ್ದರೋ!

ಮುಂದಿನ ಶನಿವಾರ ಹನೂರಿನಲ್ಲಿ ನಾನು ಸೋತವಳ ಹಾಗೆ ಕೂತಿದ್ದೆ. ಈ ಕೆಲಸವನ್ನೇ ಬಿಡುತ್ತೇನೆ ಎಂದೆ. ಅವರು ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆಯುವುದು ಹಾಕುವುದು ಮಾಡುತ್ತಿದ್ದರು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು.

“ನಾನೂ ಫಾರಂ ತುಂಬಿಸಿದೋನೇ ಮೇಡಂ. ಎಂ.ಎಸ್ಸಿ. ಓದುವಾಗ ಯಾವುದೋ ಸರ್ವೆಗೆ ದಿನಗೂಲಿ ಮೇಲೆ ಹೋಗ್ತಿದ್ದೆ. ಕಾಡಂಚಿನ ಒಂದು ಊರು. ಬಿಸಿಲು. ಅರ್ಧ ಊರು ಮುಗಿಸಿ ಸುಸ್ತಾಗಿ ಹುಣಸೇಮರದ ಕೆಳಗೆ ಕೂತೆ. ಉಳಿದ ಮನೆಗಳದ್ದು ಅಲ್ಲೇ ಕೂತು ತುಂಬಿಸಿಬಿಟ್ಟೆ. ಮೊದಲು ಕೇಳಿದ ಮನೆಗಳನ್ನ ನೋಡ್ಕೊಂಡು, ಹೆಚ್ಚುಕಮ್ಮಿ ಮಾಡಿ. ಯಾರಿಗೂ ಗೊತ್ತಾಗಲಿಲ್ಲ. ಆ ವರದಿ ಅಚ್ಚಾಯ್ತು.”

ಅವರ ಕಿವಿ ಕೆಂಪಾಗಿತ್ತು.

“ಹೆಂಡತಿಗೂ ಹೇಳಿಲ್ಲ ಇದನ್ನ. ನೀವು ತೆಗೆದುಹಾಕ್ತೀನಿ ಅಂತ ಬಂದ ದಿನವೇ ಹೇಳಬೇಕು ಅನ್ನಿಸ್ತು, ಬಾಯಿ ಬರಲಿಲ್ಲ. ನೋಡಿ, ನಿಮಗೆ ಗೊತ್ತಿರೋ ಸುಳ್ಳನ್ನ ಮಾತ್ರ ತೆಗೆದ್ರೆ ಏನಾಗುತ್ತೆ? ಗೊತ್ತಿಲ್ಲದ ಸುಳ್ಳೆಲ್ಲ ನಕ್ಷೇಲಿ ನಿಜದ ಹಾಗೆ ಕೂತ್ಕೊಂಡುಬಿಡುತ್ತೆ. ನನ್ನ ಹುಣಸೇಮರದ ಫಾರಂ ಚೆನ್ನಾಗಿ ಕಾಣುತ್ತೆ, ನಿಮ್ಮ ಬೀದಿಯದ್ದು ಕಸದ ಬುಟ್ಟಿಗೆ ಹೋಗುತ್ತೆ.”

“ಮತ್ತೆ ಏನು ಮಾಡೋದು ಸರ್?”

“ನಿಯಮ ಬದಲಾಯಿಸೋಣ. ಆದ್ರೆ ಎಲ್ಲದಕ್ಕೂ ಒಂದೇ ಹಾಗೆ. ಬದಲಾಯಿಸಿದ್ದೀವಿ ಅಂತ ಬರೆದು.”

ಆವತ್ತು ಆ ಮೇಜಿನ ಮೇಲೆ ನಮ್ಮ ನಮೂನೆಗೆ ಎರಡು ಹೊಸ ಕಾಲಂ ಸೇರಿದವು. ಉತ್ತರ ಹೇಳಿದವರು ಯಾರು? ಉತ್ತರ ಹೇಳುವಾಗ ಪಕ್ಕದಲ್ಲಿ ಯಾರಿದ್ದರು? ಸೇರಿಸಿದ್ದ ಅಧ್ಯಯನಗಳನ್ನೆಲ್ಲ ಮೊದಲಿನಿಂದ ಮತ್ತೆ ಓದುವುದು ಎಂದಾಯಿತು. ಮೈಸೂರಿನಲ್ಲಿದ್ದ ನನ್ನ ಮಾರ್ಗದರ್ಶಕರು ಫೋನಿನಲ್ಲಿ ಸಿಡುಕಿದರು. ಈ ಹಂತದಲ್ಲಿ ನಿಯಮ ತಿದ್ದುತ್ತಾರೇನಮ್ಮ, ಇನ್ನೆಷ್ಟು ವರ್ಷ ಎಳೀತೀಯ ಎಂದರು. ಕೊನೆಗೆ, ಕಾರಣ ಸ್ಪಷ್ಟವಾಗಿ ಬರೆಯುವುದಾದರೆ ಮಾಡು ಎಂದರು. ನಮ್ಮೂರಿನ ಪ್ರಬಂಧವನ್ನು ನಾನು ಮುಟ್ಟಬಾರದು, ಅದರ ಗುಣಮಟ್ಟವನ್ನು ನನ್ನ ಸಹೋದ್ಯೋಗಿಯೂ ತಾವೂ ನೋಡುತ್ತೇವೆ ಎಂದೂ ಹೇಳಿದರು. ಸರಿಯಾಗಿತ್ತು. ಆದರೂ ನಮ್ಮ ಮನೆಯ ವಿಷಯವನ್ನು ನನ್ನ ಕೈಯಿಂದ ಕಿತ್ತುಕೊಂಡಂತಾಯಿತು.

ಆ ಎರಡು ಕಾಲಂ ತುಂಬಲು ಎಂಟು ತಿಂಗಳು ಹಿಡಿಯಿತು. ತುಂಬಲು ಎನ್ನುವುದೂ ತಪ್ಪೇ. ಬಹುಪಾಲು ಅಧ್ಯಯನಗಳಲ್ಲಿ ಆ ಬಗ್ಗೆ ಒಂದಕ್ಷರ ಇರಲಿಲ್ಲ. ಯಾರು ಹೇಳಿದರೋ, ಅತ್ತೆ ಎದುರಿಗಿದ್ದಳೋ, ಗಂಡ ಇದ್ದನೋ, ಮಾಲೀಕ ಇದ್ದನೋ, ತಿಳಿಯುವಂತಿಲ್ಲ. ‘ತಿಳಿಸಿಲ್ಲ’, ‘ತಿಳಿಸಿಲ್ಲ’ ಎಂದು ಬರೆಯುತ್ತ ಹೋದೆ. ವಿಚಿತ್ರವೆಂದರೆ, ನಾನು ಅಷ್ಟು ಬೈದುಕೊಂಡಿದ್ದ ನಮ್ಮೂರಿನ ಪ್ರಬಂಧ ಮಕ್ಕಳ ನೆರವು ಪಡೆದೆವು ಎಂದು ಒಪ್ಪಿಕೊಂಡಿತ್ತು. ಹಾಗೆ ಒಪ್ಪಿಕೊಂಡವು ಬೆರಳೆಣಿಕೆಯಷ್ಟು. ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿ, “ಅಷ್ಟರ ಮಟ್ಟಿಗೆ ಆ ಮನುಷ್ಯ ನನಗಿಂತ ವಾಸಿ” ಅಂದರು.

ನನ್ನ ಪ್ರಬಂಧದ ವಿಧಾನದ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆದೆ. ಸೇರಿಸಿದ ಅಧ್ಯಯನಗಳಲ್ಲಿ ಒಂದರಲ್ಲಿ ಈ ಸಂಶೋಧಕಿ ಬಾಲ್ಯದಲ್ಲಿ ತಾಯಿಯ ಪರವಾಗಿ ಉತ್ತರಿಸಿದ್ದಾಳೆ, ಆ ಉತ್ತರಗಳು ನಿಜವಲ್ಲ ಎಂದು. ಬರೆಯುವ ಮುಂಚೆ ಅವ್ವನನ್ನೂ ಅಕ್ಕನನ್ನೂ ಕೇಳಿದೆ. ಅಕ್ಕ, “ನನ್ನ ಮಗಳಿಗೇ ಮದುವೆ ಆಯ್ತು, ಇನ್ನೇನು ಕಣೆ, ಬರಕೋ” ಎಂದಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟದಲ್ಲೇ ಬೆರಳಿಟ್ಟುಕೊಂಡು ಕೂತಿದ್ದರು. ಇದನ್ನು ಓದಿದ ಮೇಲೆ ನಿಮ್ಮ ನಕ್ಷೆಯನ್ನು ನಾನು ಎಷ್ಟು ನಂಬಬೇಕು ಎಂದು ಕೇಳಿದರು. ನಕ್ಷೆ ಇರುವುದು ಏನು ಕೇಳಿದ್ದಾರೆ, ಹೇಗೆ ಕೇಳಿದ್ದಾರೆ ಎಂದು ತೋರಿಸಲು, ಕೆಮ್ಮು ಇದೆಯೋ ಇಲ್ಲವೋ ಎಂದು ಅದು ಹೇಳಲಾರದು ಎಂದೆ. ಅವರು ಪುಟ ಮಗುಚಿ ಮುಂದಿನ ಪ್ರಶ್ನೆಗೆ ಹೋದರು. ಪದವಿ ಬಂತು.

ಪದವಿ ಬಂದ ಮೇಲೆ ನೆಮ್ಮದಿ ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ಬರಲಿಲ್ಲ. ಒಂದು ಭಾನುವಾರ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಊರಿಗೆ ಹೋದೆ. ಜಗುಲಿಯ ಮೇಲೆ ಬಿಡಿಸಿಟ್ಟೆ. ಅವ್ವ, ಮೇಗಲ ಮನೆಯವಳು, ನಗು ತಡೆಯಲಾರದೆ ಕೊಳವೆ ವಾಪಸ್ ಕೊಟ್ಟಿದ್ದ ಎದುರು ಮನೆಯವಳು, ಇನ್ನೂ ನಾಲ್ಕೈದು ಹೆಂಗಸರು ಸುತ್ತ ಕೂತರು.

“ಇದ್ರಲ್ಲಿ ನಾವು ಎಲ್ಲಿದ್ದೀವವ್ವ?” ಎದುರು ಮನೆಯವಳು ಕೇಳಿದಳು.

ಚುಕ್ಕೆ ತೋರಿಸಿದೆ.

“ಇಡೀ ಬೀದಿಗಾ ಇಷ್ಟೆಯಾ?” ಬೆರಳಿನಿಂದ ಒರೆಸಿ ನೋಡಿದಳು, ಅಳಿಸುತ್ತದೇನೋ ಎಂಬಂತೆ. “ಇದರ್‌ ಪಕ್ದಲ್ಲಿ ಯಾಕ ಇಷ್ಟೊಂದು ಬಯಲು ಬಿಟ್ಟಿದ್ದೀರಿ?”

ಅಲ್ಲಿ ಯಾರೂ ಕೇಳಿಲ್ಲ, ಹೆಂಗಸರನ್ನೇ ಕೂರಿಸಿಕೊಂಡು, ಬೇರೆ ಯಾರೂ ಇಲ್ಲದ ಕಡೆ ಕೇಳಿದವರಿಲ್ಲ ಎಂದೆ. ಮೇಗಲ ಮನೆಯವಳು ಸೆರಗು ಸರಿಮಾಡಿಕೊಂಡು ಶುರುಮಾಡಿದಳು. ಔಷಧಿ ಹೊಡೆದ ದಿನ ಕೊಟ್ಟಿಗೆಯಲ್ಲಿ ಮಲಗುತ್ತಿದ್ದದ್ದು. ಬಾಣಂತಿಯಾಗಿದ್ದಾಗಲೂ ಸುಣ್ಣ ಎರಚಿದ್ದು. ಇನ್ನೊಬ್ಬಳು ಅವಳ ಮಾತು ತಡೆದು ತನ್ನದು ಹೇಳಿದಳು. ಅವ್ವ, ಮಾತೇ ಆಡದ ನನ್ನ ಅವ್ವ, ಕೆಮ್ಮಿನ ಜೊತೆ ರಕ್ತ ಬಂದ ಬೆಳಗನ್ನು ಹೇಳಿದಳು. ನನಗೆ ಅದು ಗೊತ್ತೇ ಇರಲಿಲ್ಲ. ಅಕ್ಕನ ಮದುವೆಯ ಹಿಂದಿನ ದಿನವಂತೆ.

ನನ್ನ ಕೈ ಪೆನ್ನಿಗೆ ಹೋಯಿತು, ನಿಂತಿತು. ಹೀಗೆ ಜಗುಲಿಯಲ್ಲಿ ಕೇಳಿಸಿಕೊಂಡದ್ದನ್ನು ಸಂಶೋಧನೆ ಎಂದು ಬರೆದುಕೊಳ್ಳುವಂತಿಲ್ಲ. ಅನುಮತಿ ಬೇಕು, ಒಪ್ಪಿಗೆ ಪತ್ರ ಬೇಕು. ಅದನ್ನೇ ಅವರಿಗೂ ಹೇಳಿದೆ. ಮೊದಲು ಕಾಗದ ಪತ್ರ ಮಾಡಿಸಿಕೊಂಡು, ಫಾರಂ ತರುತ್ತೇನೆ, ಆಮೇಲೆ ನೀವು ಹೇಳಿ.

“ಇನ್ನೊಂದ್ ಫಾರಮ್ಮಾ?” ಎದುರು ಮನೆಯವಳು ಜೋರಾಗಿ ನಕ್ಕಳು. “ಬಿರ್‌ಬಿರ್ನೆ ತಕಬಾ. ನಂಗೂ ವಯಸ್ಸಾಯ್ತಾ ಅದ.”

ಆ ಅನುಮತಿಗೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. ನನ್ನ ಸಹೋದ್ಯೋಗಿ ಸಹಸಂಶೋಧಕರಾಗಿ ಸಹಿ ಹಾಕಿದ್ದಾರೆ. ಪ್ರಶ್ನೆ ಕೇಳಲು ಹೆಂಗಸರೇ ಹೋಗಬೇಕು, ತಾವು ಊರೊಳಗೆ ಕಾಲಿಡುವುದಿಲ್ಲ ಎಂದು ಅವರೇ ಬರೆದಿದ್ದಾರೆ. ಕಚೇರಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಫೈಲು ಕಮಿಟಿ ಮುಂದಿದೆ ಎನ್ನುತ್ತಾರೆ. ಕಳೆದ ವಾರ ಮೇಗಲ ಮನೆಯವಳನ್ನು ಉಸಿರು ಕಟ್ಟಿ ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿದ್ದರು. ಇವತ್ತು ನೋಡಲು ಹೋದೆ. ಈಗ ಪರವಾಗಿಲ್ಲ, ನಾಡಿದ್ದು ಮನೆಗೆ ಕಳಿಸುತ್ತಾರಂತೆ. ಅಲ್ಲಿಂದ ಹೊರಬಂದವಳೇ ಆಸ್ಪತ್ರೆಯ ಗೇಟಿನಲ್ಲಿ ನಿಂತು ಮತ್ತೆ ಕಚೇರಿಗೆ ಫೋನ್ ಹಚ್ಚಿದೆ.